ಹೊಳೆ ಬಂದಾಗ ಮೋಡದಾಚೆಯ ಕಣ್ಣು

ಚಿಕ್ಕೋಡಿ ತಾಲ್ಲೂಕಿನ ಕರೋಶಿ ಕಡೆಯ ಜನರಿಗೆ ಒಂದು ವಿಚಿತ್ರ ಚೆನ್ನಾಗಿ ಗೊತ್ತು. ಊರಲ್ಲಿ ಜಿಟಿಜಿಟಿ ಮಳೆಯಷ್ಟೇ ಇರುತ್ತದೆ. ಆದರೂ ತಾಲ್ಲೂಕಿನ ಅಂಚಿನಲ್ಲಿ ಹೊಳೆ ಏರುತ್ತಲೇ ಹೋಗುತ್ತದೆ. ಮಳೆ ಸುರಿಯುವುದು ಮಹಾಬಳೇಶ್ವರ, ಕೊಯ್ನಾ, ರಾಧಾನಗರಿಯ ಘಟ್ಟದ ಮೇಲೆ. ನೀರು ಬಂದು ಹರಡುವುದು ಯಡೂರು, ಕಲ್ಲೋಳ, ಮಾಂಜರಿ, ಇಂಗಳಿ, ಸದಲಗಾದ ಹೊಲಗಳಲ್ಲಿ. ಕಲ್ಲೋಳ–ಯಡೂರು ಸೇತುವೆ ಮುಳುಗಿತೆಂಬ ಸುದ್ದಿ ಬಂತೆಂದರೆ ಹೊಳೆ ದಂಡೆಯವರು ದನಕರುಗಳನ್ನು ಬಿಚ್ಚಲು ತಯಾರಾಗುತ್ತಾರೆ. 2005, 2019, 2021ರಲ್ಲಿ ಆದದ್ದನ್ನು ಅವರಿಗೆ ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ.

ಇಂಥ ಸಮಯದಲ್ಲಿ ಮಕ್ಕಳೂ ದೊಡ್ಡವರೂ ಕೇಳುವ ಪ್ರಶ್ನೆ ಒಂದೇ. ನಮ್ಮ ದೇಶದ ಇಷ್ಟೊಂದು ಉಪಗ್ರಹಗಳು ಆಕಾಶದಲ್ಲಿ ತಿರುಗುತ್ತಿವೆಯಲ್ಲ, ಯಾವ ಊರಿನ ಸುತ್ತ ನೀರು ಬಂದಿದೆ ಎಂದು ಮೇಲಿನಿಂದಲೇ ಫೋಟೋ ತೆಗೆದು ಹೇಳಬಾರದೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೊಳೆ ಬರುವ ಕಾಲವೂ ಮೋಡ ಕವಿಯುವ ಕಾಲವೂ ಒಂದೇ ಆಗಿರುವುದರಿಂದ, ಸಾಮಾನ್ಯ ಕ್ಯಾಮೆರಾ ಹೊತ್ತ ಉಪಗ್ರಹಕ್ಕೆ ಜುಲೈ-ಆಗಸ್ಟಿನಲ್ಲಿ ಕಾಣುವುದು ಬಿಳಿ ಮೋಡದ ಹಾಸು ಮಾತ್ರ. ಬೇಕಾದಾಗಲೇ ಕಣ್ಣು ಮುಚ್ಚಿದಂತೆ. ರಾತ್ರಿಯಲ್ಲಂತೂ ಅದೂ ಇಲ್ಲ.

ಮೋಡದ ಹನಿಗಳು ಬಹಳ ಚಿಕ್ಕವು, ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು. ಆದರೆ ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಅದಕ್ಕಿಂತಲೂ ಎಷ್ಟೋ ಚಿಕ್ಕದು. ಹೀಗಾಗಿ ಬೆಳಕು ಹನಿಹನಿಗೂ ತಾಕಿ ಚೆದುರುತ್ತದೆ. ಮೋಡ ಬಿಳಿಯಾಗಿ ಕಾಣುತ್ತದೆ. ಈಗ ತರಂಗಾಂತರವನ್ನು ಹಿಗ್ಗಿಸಿ ಐದಾರು ಸೆಂಟಿಮೀಟರಿಗೆ ತನ್ನಿ. ಆ ಅಲೆಗೆ ಮೋಡದ ಹನಿ ಲೆಕ್ಕಕ್ಕೇ ಇಲ್ಲ. ಹೊಳೆಯಲ್ಲಿ ಏಳುವ ದೊಡ್ಡ ತೆರೆಗೆ ದಡದ ಒಂದು ಜೊಂಡಿನ ಎಸಳು ಹೇಗೋ ಹಾಗೆ. ಮೋಡವನ್ನು ದಾಟಿ, ನೆಲ ತಾಕಿ, ಮರಳಿ ಮೋಡ ದಾಟಿ ಅದು ಹಿಂದಕ್ಕೆ ಬರುತ್ತದೆ. ಇದೇ ರಾಡಾರ್ ಅಲೆ. ಸೂರ್ಯನ ಹಂಗೂ ಇದಕ್ಕಿಲ್ಲ. ತನ್ನ ಬೆಳಕನ್ನು ತಾನೇ ಹೊತ್ತು ತರುವುದರಿಂದ ಅಮಾವಾಸ್ಯೆಯ ಮಧ್ಯರಾತ್ರಿಯೂ ಒಂದೇ, ನಡುಹಗಲೂ ಒಂದೇ.

ಭಾರತ ತಾನೇ ಕಟ್ಟಿದ ಮೊದಲ ರಾಡಾರ್ ಚಿತ್ರಣ ಉಪಗ್ರಹ ರಿಸ್ಯಾಟ್-1. 2012ರ ಏಪ್ರಿಲ್ 26ರಂದು ಪಿಎಸ್‌ಎಲ್‌ವಿ ರಾಕೆಟ್ಟು ಶ್ರೀಹರಿಕೋಟಾದಿಂದ ಇದನ್ನು ಹೊತ್ತೊಯ್ದಿತು. ತೂಕ 1858 ಕಿಲೋ. ಕಕ್ಷೆಯ ಎತ್ತರ ಸುಮಾರು 536 ಕಿಲೋಮೀಟರು. ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರು. ಅದರ ಕೆಲಸ ಮುಗಿದ ಮೇಲೆ 2022ರ ಫೆಬ್ರುವರಿ 14ರಂದು ಅದೇ ಜಾತಿಯ ಇಒಎಸ್-04 ಮೇಲೇರಿತು. ಇಂಥ ಉಪಗ್ರಹಗಳ ಚಿತ್ರಗಳನ್ನು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಪರಿಶೀಲಿಸಿ, ಪ್ರವಾಹ ಬಂದಾಗ ಮುಳುಗಿದ ಪ್ರದೇಶದ ನಕ್ಷೆ ತಯಾರಿಸಿ ರಾಜ್ಯಗಳಿಗೆ ಒದಗಿಸುತ್ತದೆ.

ಇಲ್ಲಿ ಒಂದು ತೊಡಕಿದೆ. ಹೈಸ್ಕೂಲಿನ ಗಣಿತ ಬಲ್ಲವರು ಅದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಆಂಟೆನಾದಿಂದ ಹೊರಟ ಅಲೆ ದೂರ ಹೋದಷ್ಟೂ ಅಗಲವಾಗಿ ಹರಡುತ್ತದೆ. ಎಷ್ಟು ಹರಡುತ್ತದೆ? ತರಂಗಾಂತರವನ್ನು ದೂರದಿಂದ ಗುಣಿಸಿ, ಆಂಟೆನಾದ ಉದ್ದದಿಂದ ಭಾಗಿಸಿ. ರಿಸ್ಯಾಟ್-1ರ ಆಂಟೆನಾ 6 ಮೀಟರು ಉದ್ದ. ಓರೆಯಾಗಿ ನೋಡುವುದರಿಂದ ನೆಲಕ್ಕೆ ಇರುವ ದೂರ 600 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಉತ್ತರ 5600 ಮೀಟರು. ಅಂದರೆ ಐದೂವರೆ ಕಿಲೋಮೀಟರಿಗೂ ಹೆಚ್ಚು ಅಗಲದ ನೆಲವೆಲ್ಲ ಒಂದೇ ಚುಕ್ಕೆಯಾಗಿ ಕಾಣುತ್ತದೆ! ಹೊಳೆ, ಊರು, ಕಬ್ಬು, ರಸ್ತೆ ಎಲ್ಲವೂ ಒಂದೇ ಕಲಸುಮೇಲೋಗರ. 5 ಮೀಟರಿನಷ್ಟು ಸೂಕ್ಷ್ಮವಾಗಿ ಕಾಣಬೇಕಾದರೆ ಅದೇ ಸೂತ್ರದ ಪ್ರಕಾರ ಆಂಟೆನಾ ಆರೂಮುಕ್ಕಾಲು ಕಿಲೋಮೀಟರು ಉದ್ದ ಇರಬೇಕು. ಅಂಥದನ್ನು ಯಾವ ರಾಕೆಟ್ಟು ಹೊತ್ತೀತು?

ಈ ಗಂಟನ್ನು ಬಿಚ್ಚುವ ಉಪಾಯವನ್ನು 1951ರಲ್ಲಿ ಅಮೆರಿಕದ ಗುಡ್‌ಇಯರ್ ಏರ್‌ಕ್ರಾಫ್ಟ್ ಕಂಪನಿಯ ಕಾರ್ಲ್ ವೈಲಿ ಎಂಬ ಎಂಜಿನಿಯರು ಕಂಡುಕೊಂಡರು. ಚಿಕ್ಕೋಡಿ ರೋಡ್ ಸ್ಟೇಷನ್ನಿನಲ್ಲಿ ನಿಂತವರು ನಿಲ್ಲದೆ ಹೋಗುವ ರೈಲಿನ ಸಿಳ್ಳನ್ನು ಕೇಳಿರುತ್ತಾರೆ. ಹತ್ತಿರ ಬರುವಾಗ ಸ್ವರ ಏರಿರುತ್ತದೆ, ದಾಟಿ ಹೋದೊಡನೆ ಇಳಿಯುತ್ತದೆ. ಇದು ಪಿಯುಸಿ ವಿದ್ಯಾರ್ಥಿಗಳಿಗೆ ಪರಿಚಿತವಾದ ಡಾಪ್ಲರ್ ಪರಿಣಾಮ. ಉಪಗ್ರಹವೂ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಅದರ ಮುಂದಿರುವ ಕಲ್ಲಿನಿಂದ ಬಂದ ಪ್ರತಿಧ್ವನಿಯ ಆವರ್ತನ ತುಸು ಏರಿರುತ್ತದೆ, ಹಿಂದೆ ಬಿದ್ದ ಕಲ್ಲಿನದು ತುಸು ಇಳಿದಿರುತ್ತದೆ. ಒಂದು ಕಲ್ಲು ಅಲೆಯ ಹರವಿನೊಳಗೆ ಇರುವುದು ಮುಕ್ಕಾಲು ಸೆಕೆಂಡು ಮಾತ್ರ. ಆದರೆ ಅಷ್ಟರಲ್ಲಿ ಸಾವಿರಾರು ಬಾರಿ ಅಲೆ ಕಳುಹಿಸಿ, ಬಂದ ಮಾರುತ್ತರಗಳನ್ನೆಲ್ಲ ಬರೆದಿಟ್ಟುಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸಿದರೆ, ಆ ಮುಕ್ಕಾಲು ಸೆಕೆಂಡಿನಲ್ಲಿ ಉಪಗ್ರಹ ಓಡಿದ ದೂರವೇ ಒಂದು ಭಾರೀ ಆಂಟೆನಾದಂತೆ ಕೆಲಸ ಮಾಡುತ್ತದೆ. ಆರು ಮೀಟರಿನ ಹಲಗೆ ಓಡುತ್ತಾ ಓಡುತ್ತಾ ಆರು ಕಿಲೋಮೀಟರಿನದಾಗುತ್ತದೆ. ಇದರ ಹೆಸರು ಸಿಂಥೆಟಿಕ್ ಅಪರ್ಚರ್ ರಾಡಾರ್. ಯುದ್ಧದ ಕೆಲಸಕ್ಕೆಂದು ಹುಟ್ಟಿದ ವಿದ್ಯೆ ಇದು. ಹೊಳೆಯ ಕೆಲಸಕ್ಕೂ ಒದಗಿತು.

ಆಂಟೆನಾ ಎಂದರೆ ಮನೆಯ ಮಾಳಿಗೆಯ ಮೇಲೆ ಹಿಂದೊಮ್ಮೆ ಇರುತ್ತಿದ್ದ ಅಲ್ಯೂಮಿನಿಯಂ ಕಡ್ಡಿಗಳ ಸಾಮಾನು ಎಂದೇ ಬಹಳ ಜನರ ಭಾವನೆ. ಆ ಕಡ್ಡಿಗಳ ಉದ್ದ, ನಡುವಿನ ಅಂತರ ಎಲ್ಲಕ್ಕೂ ಕಠಿಣವಾದ ಗಣಿತವಿದೆ. ಆ ಗಣಿತವನ್ನು ಕರ್ನಾಟಕದಲ್ಲಿ ಬೆಳೆಸಿದವರಲ್ಲಿ ಮುಖ್ಯರಾದವರು ರಾಜೇಶ್ವರಿ ಚಟರ್ಜಿ. 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಕನ್ನಡದ ಹೆಣ್ಣುಮಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳುಹಿಸುವುದಕ್ಕೇ ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿ ಬಂದು ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆ ನಡೆಸಿದರು. ಇಪ್ಪತ್ತು ಮಂದಿಗೆ ಪಿಎಚ್‌.ಡಿ. ಮಾರ್ಗದರ್ಶನ ಮಾಡಿದರು, ಆಂಟೆನಾಗಳ ಬಗ್ಗೆ ಪಠ್ಯಪುಸ್ತಕ ಬರೆದರು. 1982ರಲ್ಲಿ ನಿವೃತ್ತರಾಗಿ, 2010ರಲ್ಲಿ ತೀರಿಕೊಂಡರು. ರಾಡಾರಿನ ಕೆಲಸಕ್ಕೆ ಬೆಂಗಳೂರು ಇಂದು ಹೆಸರಾಗಿದ್ದರೆ ಅದರ ಹಿಂದೆ ಇಂಥ ಅಧ್ಯಾಪಕರು ಮೂರು ದಶಕ ಕರಿಹಲಗೆಯ ಮೇಲೆ ಬರೆದ ಸಮೀಕರಣಗಳೂ ಇವೆ. ಗಣಿತ ಓದಿದವಳಿಗೆ ಎಂಜಿನಿಯರಿಂಗು ಯಾಕೆ ಎನ್ನುವ ತಂದೆತಾಯಿಗಳು ಈಗಲೂ ಇದ್ದಾರಲ್ಲ, ಅದಕ್ಕೇ ಇಷ್ಟು ವಿವರ.

ಮತ್ತೆ ಹೊಳೆಗೆ ಬರೋಣ. ರಾಡಾರ್ ಚಿತ್ರದಲ್ಲಿ ನೀರು ಹೇಗೆ ಕಾಣುತ್ತದೆ? ಕಪ್ಪಾಗಿ. ಯಾಕೆ ಎಂಬುದನ್ನು ಮನೆಯಲ್ಲೇ ನೋಡಬಹುದು. ರಾತ್ರಿ ದೀಪ ಆರಿಸಿ, ನೆಲದ ಮೇಲೆ ಒಂದು ಕನ್ನಡಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡಿ. ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ದೂರದಿಂದ ಓರೆಯಾಗಿ ಬೆಳಕು ಬಿಡಿ. ಹಾಳೆ ಬೆಳ್ಳಗೆ ಕಾಣುತ್ತದೆ, ಕನ್ನಡಿ ಕಪ್ಪಾಗಿ! ಕನ್ನಡಿ ಬೆಳಕನ್ನೆಲ್ಲ ಆಚೆ ಕಡೆಗೆ ಚಿಮ್ಮಿಸಿಬಿಟ್ಟಿರುತ್ತದೆ. ನಿಮ್ಮ ಕಡೆಗೆ ಏನೂ ಬರುವುದಿಲ್ಲ. ನಿಂತ ನೀರು ರಾಡಾರಿಗೆ ಅಂಥದೇ ಕನ್ನಡಿ. ಉತ್ತ ಹೊಲ, ಹುಲ್ಲು, ಗಿಡಗಂಟೆಗಳು ಒರಟಾದ ಹಾಳೆಯಂತೆ. ಆದ್ದರಿಂದ ಹೊಳೆ ಬರುವ ಮೊದಲಿನ ಚಿತ್ರವನ್ನೂ ಬಂದ ಮೇಲಿನ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ, ಹೊಸದಾಗಿ ಕಪ್ಪಾದ ಜಾಗವೆಲ್ಲ ಮುಳುಗಿದ ಜಾಗ. ಜೋರು ಗಾಳಿ ಬೀಸಿ ನೀರಿನ ಮೇಲೆ ತೆರೆಯೆದ್ದರೆ ಕಪ್ಪು ಮಾಸುತ್ತದೆ. ನಯವಾದ ಡಾಂಬರು ರಸ್ತೆ ನೀರಿನಂತೆಯೇ ಕಪ್ಪಾಗಿ ಕಾಣಬಹುದು. ಈ ಮೋಸಗಳನ್ನು ಬಲ್ಲವರು ಸರಿಪಡಿಸಿಕೊಳ್ಳುತ್ತಾರೆ.

ದೊಡ್ಡ ಮೋಸ ಮಾಡುವುದು ಕಬ್ಬು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆ ದಂಡೆಯಲ್ಲಿ ಆಗಸ್ಟಿನ ಹೊತ್ತಿಗೆ ಕಬ್ಬು ಆಳೆತ್ತರ ಮೀರಿ ನಿಂತಿರುತ್ತದೆ. ಬುಡದಲ್ಲಿ ಮೊಣಕಾಲುದ್ದ, ಸೊಂಟದುದ್ದ ನೀರು; ಮೇಲೆ ಹಸಿರು ಗರಿಗಳ ದಟ್ಟ ಚಾವಣಿ. ಐದಾರು ಸೆಂಟಿಮೀಟರಿನ ಅಲೆ ಆ ಗರಿಗಳಿಗೇ ತಾಕಿ ಚೆದುರಿ ಹಿಂದಿರುಗುತ್ತದೆ. ಕೆಳಗಿನ ನೀರಿನ ಸುದ್ದಿ ಅದಕ್ಕೆ ಮುಟ್ಟುವುದೇ ಇಲ್ಲ. ಚಿತ್ರದಲ್ಲಿ ಹೊಲ ಒಣಗಿದ್ದಂತೆಯೇ ಕಾಣುತ್ತದೆ. ಇದು ಸಣ್ಣ ತಪ್ಪಲ್ಲ. ವಾರಗಟ್ಟಲೆ ನೀರು ನಿಂತರೆ ಕಬ್ಬಿನ ಬೇರು ಉಸಿರುಕಟ್ಟಿ ಕೊಳೆಯುತ್ತದೆ, ಸುಳಿಗೆ ಮಣ್ಣು ತುಂಬಿದರೆ ಬೆಳವಣಿಗೆ ನಿಲ್ಲುತ್ತದೆ. ಎಲ್ಲಿ ಎಷ್ಟು ನೀರು ನಿಂತಿತ್ತು ಎಂಬುದನ್ನು ನಕ್ಷೆಯೊಂದರಿಂದಲೇ ತೀರ್ಮಾನಿಸಿದರೆ ಕಬ್ಬಿನ ರೈತನ ಹಾನಿ ಲೆಕ್ಕದಿಂದಲೇ ಹೊರಗೆ ಉಳಿದೀತು. ಬೆಳೆಹಾನಿಯ ಸಮೀಕ್ಷೆಗೆ ಹೊಲಕ್ಕೆ ಕಾಲಿಡಲೇಬೇಕು ಎಂದು ರೈತರು ಹಟ ಹಿಡಿದರೆ ಅದಕ್ಕೆ ವಿಜ್ಞಾನದ ಬೆಂಬಲವೂ ಇದೆ.

ಉಪಾಯವೇನೆಂದರೆ ಅಲೆಯನ್ನು ಇನ್ನಷ್ಟು ಉದ್ದ ಮಾಡುವುದು. 24 ಸೆಂಟಿಮೀಟರಿನ ಅಲೆಗೆ ಕಬ್ಬಿನ ಗರಿ ಅಷ್ಟಾಗಿ ಅಡ್ಡಿಯಾಗುವುದಿಲ್ಲ. ಗರಿಗಳ ನಡುವೆ ಇಳಿದು ನೀರಿಗೆ ತಾಕಿ, ಅಲ್ಲಿಂದ ಚಿಮ್ಮಿ ನೆಟ್ಟಗೆ ನಿಂತ ಗಳಕ್ಕೆ ತಾಕಿ, ಬಂದ ದಾರಿಯಲ್ಲೇ ಮರಳುತ್ತದೆ. ಸೈಕಲ್ಲಿನ ಹಿಂದಿನ ಕೆಂಪು ರಿಫ್ಲೆಕ್ಟರು ಲಾರಿಯ ದೀಪವನ್ನು ಲಾರಿಯ ಕಡೆಗೇ ಎಸೆಯುತ್ತದಲ್ಲ, ಹೆಚ್ಚುಕಡಿಮೆ ಅದೇ ಕ್ರಮ. ಆದ್ದರಿಂದ ಬುಡದಲ್ಲಿ ನೀರಿರುವ ಬೆಳೆ ಈ ಅಲೆಯ ಚಿತ್ರದಲ್ಲಿ ಎಂದಿಗಿಂತ ಹೆಚ್ಚು ಬೆಳ್ಳಗೆ ಹೊಳೆಯುತ್ತದೆ. ಬಯಲಿನ ನೀರು ಕಪ್ಪು, ಬೆಳೆಯೊಳಗಿನ ನೀರು ಬಿಳಿ! ಓದಲು ಬಾರದವರಿಗೆ ಇದು ತಲೆಕೆಳಗಾದ ಚಿತ್ರವೇ ಸರಿ.

ಇಂಥ ಉದ್ದ ಅಲೆಯ ರಾಡಾರನ್ನು ಹೊತ್ತ ನಿಸಾರ್ ಉಪಗ್ರಹ 2025ರ ಜುಲೈ 30ರಂದು ಜಿಎಸ್‌ಎಲ್‌ವಿ ರಾಕೆಟ್ಟಿನ ಮೂಲಕ ಶ್ರೀಹರಿಕೋಟಾದಿಂದಲೇ ಮೇಲೇರಿತು. ಅಮೆರಿಕದ ನಾಸಾ ಮತ್ತು ನಮ್ಮ ಇಸ್ರೋ ಜೊತೆಗೂಡಿ ಕಟ್ಟಿದ್ದು. ಎರಡು ರಾಡಾರುಗಳು ಅದರಲ್ಲಿವೆ: ನಾಸಾದ್ದು 24 ಸೆಂಟಿಮೀಟರಿನ ಅಲೆಯದು, ಇಸ್ರೋದ್ದು ಒಂಬತ್ತು ಸೆಂಟಿಮೀಟರಿಗೆ ತುಸು ಹೆಚ್ಚಿನ ಅಲೆಯದು. ಎರಡನ್ನೂ ಉಪಗ್ರಹದೊಡನೆ ಜೋಡಿಸುವ ಕೆಲಸ ಬೆಂಗಳೂರಿನಲ್ಲಿ ನಡೆಯಿತು. ಅದಕ್ಕಾಗಿ 2023ರ ಮಾರ್ಚಿನಲ್ಲಿ ರಾಡಾರುಗಳು ಅಮೆರಿಕದಿಂದ ವಿಮಾನದಲ್ಲಿ ಬಂದಿಳಿದವು. ಚಿನ್ನದ ಲೇಪವಿರುವ ತಂತಿಬಲೆಯ ಪ್ರತಿಫಲಕ 12 ಮೀಟರು ಅಗಲ. ಛತ್ರಿಯಂತೆ ಮಡಚಿಕೊಂಡು ಹೋದದ್ದು, ಆಗಸ್ಟಿನಲ್ಲಿ ಆಕಾಶದಲ್ಲೇ ಬಿಚ್ಚಿಕೊಂಡಿತು. ನೆಲದಿಂದ ಸುಮಾರು 747 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ಒಂದು ಸಾಲಿನಲ್ಲಿ 240 ಕಿಲೋಮೀಟರು ಅಗಲದ ನೆಲವನ್ನು ಅದು ನೋಡಬಲ್ಲದು. ಘಟ್ಟದ ಅಣೆಕಟ್ಟುಗಳಿಂದ ಹಿಡಿದು ಅಥಣಿಯ ತನಕ ಒಂದೇ ಪಟ್ಟಿಯಲ್ಲಿ ಹಿಡಿಸಬಹುದಾದಷ್ಟು ಅಗಲ.

ಹಾಗೆಂದು ಹೊಳೆಯ ಚಿಂತೆ ತೀರಿತೆಂದು ತಿಳಿಯಬಾರದು. ನಿಸಾರ್ ಅದೇ ಹಾದಿಗೆ ಮರಳುವುದು 12 ದಿನಕ್ಕೊಮ್ಮೆ. ಮೇಲೇರುವ ಹಾದಿ, ಇಳಿಯುವ ಹಾದಿ ಎರಡನ್ನೂ ಸೇರಿಸಿದರೆ ಆ ಅವಧಿಯಲ್ಲಿ ಒಂದು ಜಾಗವನ್ನು ಎರಡು ಬಾರಿ ನೋಡುತ್ತದೆ. ಕೃಷ್ಣೆ ಅಷ್ಟು ದಿನ ಕಾಯುವುದಿಲ್ಲ. ರಾತ್ರೋರಾತ್ರಿ ಏರಿದ ನೀರು ಉಪಗ್ರಹ ಬರುವಷ್ಟರಲ್ಲಿ ಇಳಿದಿರಲೂಬಹುದು. ಬೇರೆಬೇರೆ ಉಪಗ್ರಹಗಳ ಸರದಿಯನ್ನು ಜೋಡಿಸಿ ಈ ಅಂತರವನ್ನು ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ. ಅಲ್ಲಿಯತನಕ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂದು ಫೋನಿನಲ್ಲಿ ವಿಚಾರಿಸುವ ಪದ್ಧತಿಯೇ ದಂಡೆಯ ಊರುಗಳಿಗೆ ಮೊದಲ ಎಚ್ಚರಿಕೆ.

ನಿಸಾರ್ ಚಿತ್ರಗಳು ಎಲ್ಲರಿಗೂ ಉಚಿತ ಎಂಬುದು ಎರಡೂ ಸಂಸ್ಥೆಗಳು ಮೊದಲೇ ಒಪ್ಪಿಕೊಂಡ ಮಾತು. ನಮ್ಮಲ್ಲಿ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಭೂನಿಧಿ ಎಂಬ ಜಾಲತಾಣದಿಂದ ರಾಡಾರ್ ಚಿತ್ರಗಳನ್ನು ಪಡೆಯುವ ಅನುಕೂಲವಿದೆ. ಚಿಕ್ಕೋಡಿಯ ಕಾಲೇಜಿನ ಹುಡುಗ ಹುಡುಗಿಯರು ಮೇ ತಿಂಗಳಿನದೊಂದು, ಆಗಸ್ಟಿನದೊಂದು ಚಿತ್ರ ಇಳಿಸಿಕೊಂಡು, ಯಡೂರಿನ ಬಳಿ ದೂಧಗಂಗೆ ಕೃಷ್ಣೆಯನ್ನು ಕೂಡುವ ಜಾಗವನ್ನು ಹುಡುಕಿ, ಕಪ್ಪು ಎಲ್ಲಿಯತನಕ ಹರಡಿದೆ, ಅದರ ಅಂಚಿನಲ್ಲಿ ಬಿಳಿ ಎಲ್ಲಿ ಹೆಚ್ಚಿದೆ ಎಂದು ಗುರುತು ಹಾಕಬಹುದು. ಆ ಬಿಳಿಯ ಬುಡದಲ್ಲಿ ನೀರಿತ್ತೇ ಇಲ್ಲವೇ ಎಂಬುದನ್ನು ಹೊಲದವರನ್ನು ಕೇಳಿದರೆ ತಿಳಿಯುತ್ತದೆ.