ಬಾಡಿಗೆಯ ಕಾಲು ಭಾಗದಲ್ಲಿ ಎಷ್ಟು ಸಿಮೆಂಟು ಬರುತ್ತದೆ?

ಪ್ರತಿ ಮಳೆಗಾಲಕ್ಕೆ ಮುನ್ನ ಠಾಣೆ ಮತ್ತು ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಗಳು ಅಪಾಯಕಾರಿ ಕಟ್ಟಡಗಳ ಪಟ್ಟಿಯನ್ನು ಪ್ರಕಟಿಸುತ್ತವೆ. ಪಗಡಿ ಮನೆಗಳ ವಾಸಿಗಳು ಅದನ್ನು ಎದೆ ಹಿಡಿದುಕೊಂಡೇ ಓದುತ್ತಾರೆ. ದೊಡ್ಡ ಮೊತ್ತ ಕೊಟ್ಟು ಹಕ್ಕು ಪಡೆದು, ಅಲ್ಪ ಬಾಡಿಗೆಯಲ್ಲಿ ಎರಡು ತಲೆಮಾರು ಕಳೆದ ಈ ವಾಸಿಗಳಲ್ಲಿ ನಮ್ಮವರೂ ಇದ್ದಾರೆ. ಸೂರು ಸೋರಿದರೆ ದುರಸ್ತಿ ಯಾರದು? ‘ಈ ಬಾಡಿಗೆಗೆ ಸುಣ್ಣವೂ ಬರುವುದಿಲ್ಲ’ ಎನ್ನುತ್ತಾನೆ ಮಾಲೀಕ. ‘ನನ್ನದಲ್ಲದ ಗೋಡೆಗೆ ನಾನೇಕೆ ಸುರಿಯಲಿ?’ ಎನ್ನುತ್ತಾನೆ ಬಾಡಿಗೆದಾರ. ಈ ಎರಡು ಮಾತುಗಳ ನಡುವೆ ಗೋಡೆಯೊಳಗಿನ ಸರಳು ತುಕ್ಕು ಹಿಡಿಯುತ್ತಲೇ ಇರುತ್ತದೆ.

1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 14ನೆಯ ಕಲಮು ಉತ್ತರ ಕೊಟ್ಟಿದೆ: ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಮನೆಯನ್ನು ವಾಸಯೋಗ್ಯವಾಗಿ ಇಡಬೇಕಾದವನು ಮಾಲೀಕ. ಕನಿಷ್ಠ 15 ದಿನಗಳ ನೋಟೀಸು ಕೊಟ್ಟರೂ ಅವನು ಸಕಾಲದಲ್ಲಿ ಮಾಡದಿದ್ದರೆ ಬಾಡಿಗೆದಾರರೇ ದುರಸ್ತಿ ಮಾಡಿಸಿ ವೆಚ್ಚವನ್ನು ಮುರಿದುಕೊಳ್ಳಬಹುದು. ಕೇಳಲು ಎಷ್ಟು ಚೆನ್ನ! ಆದರೆ ವರ್ಷಕ್ಕೆ ಮುರಿದುಕೊಳ್ಳಬಹುದಾದದ್ದು ಆ ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಭಾಗ ಮಾತ್ರ. ತಿಂಗಳಿಗೆ 200 ರೂಪಾಯಿ ಬಾಡಿಗೆಯಾದರೆ ವರ್ಷಕ್ಕೆ 600. ಇಪ್ಪತ್ತು ಮನೆಯವರು ಒಗ್ಗೂಡಿದರೂ 12,000. ಇದರಲ್ಲಿ ಒಂದು ಕಂಬವನ್ನಾದರೂ ಉಳಿಸಬಹುದೇ? ಒಂದು ಕೈಯಿಂದ ಹಕ್ಕು ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುವುದೆಂದರೆ ಇದೇ.

ವರ್ಷಕ್ಕೆ ಶೇ. 4ರಷ್ಟೇ ಬಾಡಿಗೆ ಏರಿಸಬಹುದೆಂಬ ಮಾಲೀಕರ ಅಳಲು ಸುಳ್ಳಲ್ಲ. ಆದರೆ ಪಗಡಿಯ ಹಣವನ್ನು ಸಕ್ರಮಗೊಳಿಸಿದ್ದೂ ಇದೇ ಕಾಯಿದೆ. ಆ ಹಣ ಪಡೆದವರು ದುರಸ್ತಿಯ ಮಾತು ಬಂದಾಗ ಮಾತ್ರ ಬಡವರಾಗುವುದು ನ್ಯಾಯವಲ್ಲ.

ಮುಂಬಯಿ ದ್ವೀಪನಗರದ ಹಳೆಯ ಕಟ್ಟಡಗಳಿಗೆ ಸೆಸ್ ವಸೂಲು ಮಾಡಿ ದುರಸ್ತಿ ಮಾಡಿಸುವ ಮಂಡಳಿ ಮ್ಹಾಡಾದಲ್ಲಿದೆ. ಅದರ ವ್ಯಾಪ್ತಿ ಮಾಹಿಮ್, ಸಾಯನ್‌ಗಳಿಗೆ ಮುಗಿಯುತ್ತದೆ. ಖಾಡಿಯಾಚೆಯ ಪ್ರಾಣಗಳು ಅಗ್ಗವೇ? 2015ರ ಜುಲೈ 28ರಂದು ಠಾಕುರ್ಲಿಯ ಮಾತೃಛಾಯಾ, ಒಂದೇ ವಾರದಲ್ಲಿ, ಆಗಸ್ಟ್ 4ರಂದು, ಠಾಣೆಯ ನೌಪಾಡಾದ ಕೃಷ್ಣ ನಿವಾಸ ಕುಸಿದವು. ಎರಡನೆಯದರಲ್ಲೇ 12 ಮಂದಿ ಸತ್ತರು. ಕಾಲು ಭಾಗದ ಮಿತಿಯನ್ನು ತೆಗೆಯಬೇಕು. ಠಾಣೆ ಜಿಲ್ಲೆಗೂ ದುರಸ್ತಿ ಮಂಡಳಿ ಬೇಕು.

ನಮ್ಮವರಿಗೂ ಒಂದು ಮಾತು. ‘ನಾವು ಪರಊರಿನವರು, ಮಾಲೀಕನೊಡನೆ ಜಗಳವೇಕೆ?’ ಎಂಬುದು ಸೌಜನ್ಯವಲ್ಲ, ಆತ್ಮಹತ್ಯೆ. ಮನೆ ಬಿಟ್ಟರೆ ಹಕ್ಕು ಹೋದೀತೆಂದು ಬಿರುಕು ಬಿಟ್ಟ ಗೋಡೆಯಡಿ ಮಲಗುವವರು ತಿಳಿಯಲಿ: ಪಾಲಿಕೆ ಕಟ್ಟಡವನ್ನು ಕೆಡವಿದ ಮಾತ್ರಕ್ಕೆ ಬಾಡಿಗೆ ಹಕ್ಕು ಅಳಿಯುವುದಿಲ್ಲವೆಂದು ಶಹಾ ರತನ್‌ಸಿ ಖೀಮ್‌ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ಬಿಡುವ ಮುನ್ನ ಕೋಣೆಯ ಅಳತೆಯನ್ನು ಪಾಲಿಕೆಯಿಂದ ಬರೆಸಿಕೊಳ್ಳಿ. ಬಾಡಿಗೆ ರಸೀದಿಗಳನ್ನು ಜೋಪಾನವಾಗಿಡಿ. ಕಡತಗಳ ನಡುವೆ ಕಾಲ ಕಳೆದ ನಾನು ಬಲ್ಲೆ: ಕಾಗದದ ಮೇಲೆ ಬಾರದ ದೂರು ದೂರೇ ಅಲ್ಲ. ಮೆಟ್ಟಿಲ ಮೇಲೆ ಗೊಣಗುವುದನ್ನು ಬಿಟ್ಟು, ಮೇ ತಿಂಗಳು ಮುಗಿಯುವುದರೊಳಗೆ ಎಲ್ಲರೂ ಸಹಿ ಮಾಡಿದ ನೋಟೀಸನ್ನು ಅಂಚೆಗೆ ಹಾಕಿ.