ಮರೆಯಲ್ಲಿಡಬೇಕಾದ ವಿಳಾಸಗಳು

ದಾನವನ್ನು ಬಹಿರಂಗವಾಗಿ ನೀಡುವುದು ಒಳ್ಳೆಯದೇ; ಬಡವರಿಗೆ ಗುಟ್ಟಾಗಿ ತಲುಪಿಸುವುದು ಅದಕ್ಕಿಂತ ಉತ್ತಮವೆಂದು ಪವಿತ್ರ ಕುರ್‌ಆನ್ (2:271) ಕಲಿಸುತ್ತದೆ. ರಮಝಾನ್ ತಿಂಗಳಲ್ಲಿ ಇದನ್ನು ಭಕ್ತಿಯಿಂದ ಆಲಿಸುತ್ತೇವೆ. ಅನಂತರ ಝಕಾತ್ ನೆರವಿಗೋ ವಿದ್ಯಾರ್ಥಿವೇತನಕ್ಕೋ ಆಯ್ಕೆಯಾದವರೆಲ್ಲರಿಗೂ ಒಂದೇ ಇಮೇಲ್ ಹೊರಡಿಸುತ್ತೇವೆ. ಅದರ ನೆತ್ತಿಯ ಮೇಲೆ ಅಷ್ಟೂ ಜನರ ವಿಳಾಸಗಳು ಸಾಲುಗಟ್ಟಿರುತ್ತವೆ! ಚನ್ನಪಟ್ಟಣದ ಬೊಂಬೆ ಕೆಲಸಗಾರನ ಮಗಳ ಬಡತನವನ್ನು ರಾಮನಗರದ ನೂಲು ಬಿಚ್ಚಾಣಿಕೆ ಕಾರ್ಮಿಕನ ಮಗನಿಗೆ ತಿಳಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು?

"ಬರೀ ವಿಳಾಸ ತಾನೆ?" ಎನ್ನುವವರಿದ್ದಾರೆ. ವಿಳಾಸದಲ್ಲೇ ಹಲವರ ಹೆಸರಿರುತ್ತದೆ, ಹುಟ್ಟಿದ ವರ್ಷವಿರುತ್ತದೆ. ಪತ್ರದ ವಿಷಯವು ಉಳಿದದ್ದನ್ನು ಹೇಳಿಬಿಡುತ್ತದೆ. ಕನಕಪುರದಂಥ ಊರಿನಲ್ಲಿ ಹೆಸರು ಹಿಡಿದು ಮನೆ ಹುಡುಕುವುದು ಕಷ್ಟವಲ್ಲ. 2021ರ ಜುಲೈನಲ್ಲಿ 'ಸುಲ್ಲಿ ಡೀಲ್ಸ್', 2022ರ ಜನವರಿಯಲ್ಲಿ 'ಬುಲ್ಲಿ ಬಾಯಿ' ಎಂಬ ಆ್ಯಪ್‌ಗಳು ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ಹರಾಜಿಗಿಟ್ಟು ಅವಮಾನಿಸಿದ್ದನ್ನು ಕಂಡ ಮೇಲೂ ನಮ್ಮ ಹೆಣ್ಣುಮಕ್ಕಳ ವಿಳಾಸಗಳನ್ನು ಅಪರಿಚಿತರ ಕೈಗೆ ಹಾಕುವುದು ಅಮಾನತ್ತಿಗೆ ಬಗೆದ ದ್ರೋಹವಲ್ಲದೆ ಮತ್ತೇನು?

ಪಾರದರ್ಶಕತೆಯ ವಾದವೂ ಇದೆ. ಲೆಕ್ಕವನ್ನು ಲೆಕ್ಕಪರಿಶೋಧಕರಿಗೆ ತೋರಿಸಿರಿ. ಪಡೆದವರನ್ನು ಪರಸ್ಪರರ ಮುಂದೆ ನಿಲ್ಲಿಸಬೇಡಿರಿ. ಮಾಗಡಿ ಸೀಮೆಯ ದನಗಳ ಜಾತ್ರೆಗೆ ಹೋದ ಹಿರಿಯರನ್ನು ಕೇಳಿರಿ: ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆಯನ್ನೂ ಗುಟ್ಟಾಗಿಡುತ್ತಿದ್ದ ನಾಡಿದು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಪರಿಹಾರಕ್ಕೆ ಖರ್ಚಿಲ್ಲ. 'ಟು' ಎಂಬಲ್ಲಿ ಸಮಿತಿಯ ಸ್ವಂತ ವಿಳಾಸವನ್ನು ಬರೆದು, ಉಳಿದೆಲ್ಲವನ್ನೂ 'ಬಿಸಿಸಿ'ಯಲ್ಲಿ ಹಾಕಬೇಕು. ಮೊಬೈಲಿನ ಜಿಮೇಲ್‌ನಲ್ಲಿ 'ಟು' ಸಾಲಿನ ಕೊನೆಯ ಬಾಣದ ಗುರುತನ್ನು ಒತ್ತಿದರೆ ಅದು ಕಾಣಿಸುತ್ತದೆ. 'ಸಿಸಿ' ಮಾತ್ರ ಬೇಡ. ಅದರಲ್ಲಿರುವವರನ್ನು ಎಲ್ಲರೂ ನೋಡಬಲ್ಲರು. ಬಿಸಿಸಿಯಲ್ಲಿದ್ದವರ ವಿಳಾಸ ಇತರರಿಗೆ ಹೋಗುವುದಿಲ್ಲ. ಯಾರಾದರೂ 'ರಿಪ್ಲೈ ಆಲ್' ಒತ್ತಿದರೂ ಆ ಉತ್ತರ ಅವರಿಗೆ ತಲುಪದು. ಇಷ್ಟೆಲ್ಲ ಮಾಡಿ ಫಲಾನುಭವಿಗಳ ಎಕ್ಸೆಲ್ ಪಟ್ಟಿಯನ್ನೇ ಜೊತೆಗೆ ಲಗತ್ತಿಸುವ ಮಹನೀಯರೂ ಇದ್ದಾರೆ, ಅವರಿಗೆ ಯಾವ ಬಿಸಿಸಿಯೂ ನೆರವಾಗದು.

ಕಳುಹಿಸಿದ ಪತ್ರವನ್ನು ಹಿಂಪಡೆಯಲು ಜಿಮೇಲ್ ಕೊಡುವ ಗರಿಷ್ಠ ಅವಕಾಶ 30 ಸೆಕೆಂಡು. ಆಮೇಲೆ, ಪಡೆದವರೆಲ್ಲರಿಗೂ ಅದನ್ನು ಅಳಿಸಿಹಾಕಿರೆಂದು ಬೇಡಿಕೊಳ್ಳಬಹುದು, ಅಷ್ಟೆ.