ಗುಜರಿಗೆ ಹಾಕುವ ಮುನ್ನ ನಮಗೆ ಕೊಡಿ

ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನ ಹಿಂದಿನ ಕೋಣೆಯಲ್ಲಿ 14 ಹಳೆಯ ಸಿಆರ್‌ಒಗಳು ಒಂದರ ಮೇಲೊಂದು ಕುಳಿತಿದ್ದವು. ಹಸಿರು ಪರದೆ, ಹತ್ತಾರು ಗುಂಡಿ, ಎತ್ತಿದರೆ ಸೊಂಟ ಹಿಡಿಯುವ ಆಸಿಲೋಸ್ಕೋಪ್‌ಗಳು. ಡಿಜಿಟಲ್ ಸ್ಕೋಪ್ ಬಂದ ಮೇಲೆ ಇವು ಡೆಡ್ ಸ್ಟಾಕ್ ರಿಜಿಸ್ಟರ್ ಸೇರಿದವು. ಅಲ್ಲಿಂದ ಮುಂದೆ ಗುಜರಿಗೆ, ಕಿಲೋ ಲೆಕ್ಕದಲ್ಲಿ.

ಅವುಗಳಲ್ಲೊಂದು ಈಗ ಲ್ಯಾಬ್‌ನ ಕಿಟಕಿ ಪಕ್ಕ ಕುಳಿತು ಸಮಯ ತೋರಿಸುತ್ತಿದೆ. ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗಾಗಿ ನಾನು, ಇಬ್ಬರು ಗೆಳೆಯರು ಸೇರಿ ಅದನ್ನು ಗಡಿಯಾರ ಮಾಡಿದೆವು.

ಮಿನಿ ಪ್ರಾಜೆಕ್ಟ್ ಹೇಗೆ ನಡೆಯುತ್ತದೆಂದು ಬಿಇ ಓದುವವರಿಗೆ ಹೇಳಬೇಕಿಲ್ಲ. ತಲಾ 2,000 ರೂಪಾಯಿ ಹಾಕಿದರೆ ಕಿಟ್, ಕೋಡ್, ರಿಪೋರ್ಟ್, ವೈವಾ ಪ್ರಶ್ನೆಗಳಿಗೆ ಉತ್ತರ ಎಲ್ಲವೂ ಒಂದೇ ಚೀಲದಲ್ಲಿ ಸಿಗುತ್ತದೆ. ಹಿಂದಿನ ಸಲ ನಾವೂ ಹಾಗೇ ತಂದಿದ್ದೆವು. ಅದರೊಳಗೆ ಏನಿತ್ತು ಎಂದು ಈಗ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅಂಕ ಮಾತ್ರ ಚೆನ್ನಾಗಿ ಬಂದಿತ್ತು.

ಈ ಗಡಿಯಾರದ ಉಪಾಯ ನಮ್ಮದಲ್ಲ, ಹವ್ಯಾಸಿಗಳು ಬಹಳ ವರ್ಷಗಳಿಂದ ಮಾಡುತ್ತಿರುವುದೇ. ಸಿಆರ್‌ಒದಲ್ಲಿ ಎಕ್ಸ್-ವೈ ಎಂಬ ಗುಂಡಿ ಇದೆ. ಅದನ್ನು ಒತ್ತಿದರೆ ಒಂದು ಇನ್‌ಪುಟ್ ಬೆಳಕಿನ ಚುಕ್ಕಿಯನ್ನು ಅಡ್ಡಡ್ಡ ಎಳೆಯುತ್ತದೆ, ಇನ್ನೊಂದು ಮೇಲೆ ಕೆಳಗೆ. ಒಂದಕ್ಕೆ ಸೈನ್, ಇನ್ನೊಂದಕ್ಕೆ ಕೊಸೈನ್ ಕೊಟ್ಟರೆ ವೃತ್ತ. ಇಎಸ್‌ಪಿ32 ಬೋರ್ಡ್‌ನಲ್ಲಿ 8 ಬಿಟ್‌ನ ಎರಡು ಡಿಎಸಿಗಳಿವೆ. ಹಾಗಾಗಿ ಪರದೆ 256ಕ್ಕೆ 256 ಚುಕ್ಕಿಗಳ ಗ್ರಾಫ್ ಹಾಳೆಯಾಯಿತು. ವೃತ್ತ, ಅಂಕಿ, ಮೂರು ಮುಳ್ಳು ಎಲ್ಲವನ್ನೂ ಸೆಕೆಂಡಿಗೆ ಸುಮಾರು 50 ಸಲ ಬರೆಯಬೇಕು, ಇಲ್ಲವಾದರೆ ಚಿತ್ರ ಮಿನುಗುತ್ತದೆ. ಸಮಯಕ್ಕೆ ಡಿಎಸ್3231 ಚಿಪ್ ಹಾಕಿದೆವು, ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು ತಪ್ಪುತ್ತದೆ. ಕೋಡ್ ಮೂರು ದಿನದಲ್ಲಿ ಮುಗಿಯಿತು.

ಮುಗಿಯದಿದ್ದುದು ಸಿಆರ್‌ಒ. ಆನ್ ಮಾಡಿದರೆ ನೇರ ಗೆರೆ ಬರಬೇಕಾದ ಕಡೆ ಹಾವಿನಂತೆ ಅಲೆ. ನಮ್ಮ ಕೋಡ್ ಸರಿಯಿಲ್ಲ ಎಂದುಕೊಂಡು ಎರಡು ಸಂಜೆ ಹಾಳು ಮಾಡಿದೆವು. ಬೋರ್ಡನ್ನೇ ಕಿತ್ತರೂ ಅಲೆ ಹೋಗಲಿಲ್ಲ. ಕೊನೆಗೆ ಲ್ಯಾಬ್‌ನ ಇನ್‌ಸ್ಟ್ರಕ್ಟರ್ ಬಂದು, ‘ಅಲೆಯ ಅಳತೆ ಎಷ್ಟು?’ ಎಂದಷ್ಟೇ ಕೇಳಿದರು. ಒಂದು ಚೌಕಕ್ಕೆ 5 ಮಿಲಿಸೆಕೆಂಡ್, ಒಂದು ಅಲೆಗೆ ಎರಡು ಚೌಕ. ಅಂದರೆ 10 ಮಿಲಿಸೆಕೆಂಡ್, 100 ಹರ್ಟ್ಸ್. ಗೋಡೆಯ ಕರೆಂಟ್ 50 ಹರ್ಟ್ಸ್, ಫುಲ್ ವೇವ್ ರೆಕ್ಟಿಫೈಯರ್ ದಾಟಿದರೆ 100. ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಒಣಗಿಹೋಗಿತ್ತು. ಆ ಯಂತ್ರ ತನ್ನ ಕಾಯಿಲೆಯನ್ನು ತಾನೇ ಅಳೆದು ತೋರಿಸುತ್ತಿತ್ತು, ನಮಗೆ ಓದಲು ಬರಲಿಲ್ಲ. ರಿಪಲ್ ಸೂತ್ರವನ್ನು ಮೂರನೇ ಸೆಮಿಸ್ಟರ್ ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಹತ್ತು ಪಡೆದವನು ನಾನು! ಹೊಸ ಕೆಪಾಸಿಟರ್‌ಗಳಿಗೆ ಖರ್ಚಾದದ್ದು 90 ರೂಪಾಯಿ.

ಒಂದು ಮಾತು. ಇದನ್ನು ಓದಿ ಯಾರೂ ಒಬ್ಬರೇ ಸಿಆರ್‌ಒ ಬಿಚ್ಚಬೇಡಿ. ಪಿಕ್ಚರ್ ಟ್ಯೂಬ್‌ಗೆ ಸಾವಿರಾರು ವೋಲ್ಟ್ ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ. ನಾವು ಮುಚ್ಚಳ ತೆಗೆದದ್ದು ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ನಿಂತಿದ್ದಾಗ ಮಾತ್ರ, ಅವರು ಡಿಸ್ಚಾರ್ಜ್ ಮಾಡಿದ ಮೇಲೆ.

‘ಗಡಿಯಾರ ಬೇಕಿದ್ದರೆ ಅಂಗಡಿಯಲ್ಲಿ 200 ರೂಪಾಯಿಗೆ ಸಿಗುತ್ತದಲ್ಲ?’ ಎಂದು ವೈವಾದಲ್ಲಿ ಕೇಳಿದರು. ನಿಜ. ಅಂಗಡಿಯದ್ದು ಒಂದು ಪೆನ್ಸಿಲ್ ಸೆಲ್‌ನಲ್ಲಿ ತಿಂಗಳುಗಟ್ಟಲೆ ಓಡುತ್ತದೆ, ನಮ್ಮದು ದಿನವಿಡೀ ಉರಿದರೆ ಒಂದು ಯೂನಿಟ್ ಹತ್ತಿರ ತಿನ್ನುತ್ತದೆ. ಅದಕ್ಕೇ ಲ್ಯಾಬ್ ಅವಧಿಯಲ್ಲಿ ಮಾತ್ರ ಹಾಕುತ್ತೇವೆ. ಒಂದೇ ಜಾಗದಲ್ಲಿ ಬೆಳಕು ನಿಂತರೆ ಪರದೆಯ ಫಾಸ್ಫರ್ ಸುಟ್ಟುಹೋಗುತ್ತದೆಂದು ಚಿತ್ರವನ್ನು ಆಗಾಗ ಕೊಂಚ ಸರಿಸುವ ನಾಲ್ಕು ಸಾಲು ಕೋಡ್ ಕೂಡ ಬರೆದಿದ್ದೇವೆ.

ಆದರೆ ಮುಂದಿನ ವರ್ಷ ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ‘ನಿಮ್ಮ ಪ್ರಾಜೆಕ್ಟ್‌ನಲ್ಲಿ ಏನು ಕೈಕೊಟ್ಟಿತು, ಹೇಗೆ ಕಂಡುಹಿಡಿದಿರಿ?’ ಎಂದು ಕೇಳಿದರೆ ನನ್ನ ಬಳಿ ಉತ್ತರವಿದೆ. ಚೀಲದಲ್ಲಿ ಬಂದ ಪ್ರಾಜೆಕ್ಟ್‌ನಲ್ಲಿ ಏನೂ ಕೈಕೊಡುವುದಿಲ್ಲ, ಆದ್ದರಿಂದ ಹೇಳಲೂ ಏನಿರುವುದಿಲ್ಲ.

ಕಾಲೇಜುಗಳ ಕಷ್ಟವೂ ಗೊತ್ತು. ಡೆಡ್ ಸ್ಟಾಕ್‌ಗೆ ಆಡಿಟ್ ಇದೆ, ಸಹಿಗಳಿವೆ. ನಮಗೆ ಒಂದು ಸಿಆರ್‌ಒ ಸಿಗಲು ಐದು ವಾರ, ಮೂರು ಅರ್ಜಿ ಬೇಕಾಯಿತು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮ ಬೇರೆ ಇದೆ. ಅದು ಸರಿಯೇ, ಪಿಕ್ಚರ್ ಟ್ಯೂಬ್‌ಗಳ ಗಾಜಿನಲ್ಲಿ ಸೀಸ ಇರುವುದುಂಟು, ಕಂಡಕಂಡಲ್ಲಿ ಒಡೆಯುವ ವಸ್ತುವಲ್ಲ. ಆದರೆ ತ್ಯಾಜ್ಯ ಎಂದು ಬರೆಯುವ ಮೊದಲು ಒಂದು ಸೆಮಿಸ್ಟರ್ ಅವು ವಿದ್ಯಾರ್ಥಿಗಳ ಮೇಜಿನ ಮೇಲಿರಲಿ. ಹೊರಗೆ ಒಯ್ಯುವುದು ಬೇಡ, ಲ್ಯಾಬ್‌ನಲ್ಲೇ, ಮೇಲ್ವಿಚಾರಣೆಯಲ್ಲೇ ಆಗಲಿ. ರಿಪೇರಿಯಾಗದ್ದನ್ನು ಆಮೇಲೆ ನಿಯಮದಂತೆ ಕಳಿಸಿದರಾಯಿತು.

ಉಳಿದ 13 ಸಿಆರ್‌ಒಗಳ ವಿಲೇವಾರಿ ಮುಂದಿನ ತಿಂಗಳು ಎಂದು ನೋಟಿಸ್ ಬೋರ್ಡ್‌ನಲ್ಲಿದೆ. ನಮ್ಮ ಜೂನಿಯರ್‌ಗಳು ನಾಲ್ಕನ್ನು ಕೇಳಿ ಅರ್ಜಿ ಕೊಟ್ಟಿದ್ದಾರೆ. ಅದು ಇನ್ನೂ ಎರಡನೇ ಸಹಿಗೆ ಕಾಯುತ್ತಿದೆ.